ಟಾಕೀಸಿಗೆ ಬೀಗ ಹಾಕುವ ಕ್ರಮ

"ಅಣ್ಣಾ, ಥಿಯೇಟರ್ ನಿಲ್ಲಿಸ್ತಾ ಇದ್ದೀವಿ, ಮಷೀನ್ ಬಿಚ್ಚೋಕೆ ಬರ್ತೀರಾ?" ಅಂತ ವರ್ಷಕ್ಕೆ ಒಂದೋ ಎರಡೋ ಫೋನ್ ಬರುತ್ತದೆ ನನಗೆ. ಎಲ್ಲರೂ ಕೇಳುವುದು ಮಷೀನಿನ ವಿಷಯವನ್ನೇ. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದರೆ, ಮಷೀನಿಗೆ ಕೈ ಹಾಕುವ ಮುಂಚೆ ಆಗಬೇಕಿದ್ದ ಒಂದು ಕೆಲಸವೂ ಆಗಿರುವುದಿಲ್ಲ. ಫೋನಿನಲ್ಲಿ ಹೇಳಿ ಹೇಳಿ ಗಂಟಲು ನೋವು ಬಂದಿದ್ದಕ್ಕೆ ಇಲ್ಲಿ ಬರೆದು ಹಾಕುತ್ತಿದ್ದೇನೆ. ಮುಚ್ಚಬೇಕೋ ಬೇಡವೋ ಅನ್ನುವುದು ನಿಮ್ಮ ಮನೆಯ ಲೆಕ್ಕ, ನಾನು ತಲೆ ಹಾಕುವುದಿಲ್ಲ. ಮುಚ್ಚುವುದು ಅಂತ ಆದ ಮೇಲೆ ಹೇಗೆ ಮುಚ್ಚಬೇಕು, ಅಷ್ಟು ಹೇಳುತ್ತೇನೆ.

ನಾನು ಆಪರೇಟರ್, ಕ್ಯಾಬಿನ್ನಿನಲ್ಲಿ ನಿಂತು ಪ್ರೊಜೆಕ್ಟರ್ ಮಷೀನು ಓಡಿಸುವವನು. 1983ರಲ್ಲಿ, ಹದಿನಾರು ವರ್ಷದವನಿದ್ದಾಗ, ಮೆಜೆಸ್ಟಿಕ್‌ನ ಒಂದು ಥಿಯೇಟರಿಗೆ ರೀಲ್ ಹುಡುಗನಾಗಿ ಸೇರಿದೆ. ಒಂದೇ ಪ್ರಿಂಟು, ಅಂದರೆ ಚಿತ್ರದ ಒಂದೇ ಪ್ರತಿ, ಎರಡು ಕಡೆ ಓಡುತ್ತಿದ್ದ ಕಾಲ. ಇಲ್ಲಿ ಮುಗಿದ ರೀಲನ್ನು ಸೈಕಲ್ ಕ್ಯಾರಿಯರಿಗೆ ಬಿಗಿದು ಅಲ್ಲಿಗೆ ಮುಟ್ಟಿಸಬೇಕು. ಉಪ್ಪಾರಪೇಟೆ ಪೊಲೀಸ್ ಸ್ಟೇಷನ್ ಹತ್ತಿರ ನಾನು ಸಿಕ್ಕಿಕೊಂಡರೆ ಆ ಕಡೆಯವರಿಗೆ ಇಂಟರ್ವಲ್ ಹತ್ತು ನಿಮಿಷ ಜಾಸ್ತಿ. 1991ರಲ್ಲಿ ಬೆಂಗಳೂರಿನ ಅಂಚಿನ ಒಂದು ಸಣ್ಣ ಊರಿನ ಟಾಕೀಸಿಗೆ ಆಪರೇಟರಾಗಿ ಹೋದೆ. ಆಗ ಅದು ರಾಗಿ ಹೊಲದ ಮಧ್ಯದ ಊರು, ಈಗ ಅಪಾರ್ಟ್‌ಮೆಂಟು ಬಂದು ಅದೂ ಬೆಂಗಳೂರೇ ಆಗಿದೆ. ಹೆಸರು ಬೇಡ. ಮಾಲೀಕರ ಮಕ್ಕಳು ಎದುರಿಗೆ ಸಿಕ್ಕರೆ ಈಗಲೂ ಕಾಫಿ ಕುಡಿಸುತ್ತಾರೆ. ಮುಂದೆ ಅವರ ತಂದೆಯ ಬಗ್ಗೆ ಒಂದೆರಡು ಮಾತು ಹೇಳುವುದಿದೆ.

ಟಾಕೀಸು ಯಾಕೆ ಹೋಯಿತು ಅಂತ ಎಲ್ಲರೂ ಮೊಬೈಲನ್ನು ಬೈಯುತ್ತಾರೆ. ಅದೂ ನಿಜ ಅನ್ನಿ. ಆದರೆ ನಾನು ಕ್ಯಾಬಿನ್ ಕಿಂಡಿಯಿಂದ ನೋಡಿದ್ದು ಬೇರೆ. ಗಾಂಧಿನಗರದ ಚಿತ್ರ ವಿತರಕರು ಬಿಕೆಟಿ ಅನ್ನುತ್ತಾರಲ್ಲ, ಬೆಂಗಳೂರು, ಕೋಲಾರ, ತುಮಕೂರು, ಆ ಏರಿಯಾದಲ್ಲಿ ಚಿತ್ರ ಮೊದಲು ಕೆ.ಜಿ. ರೋಡಿನಲ್ಲಿ ಓಡಿ, ಹೆಸರು ಮಾಡಿ, ಆಮೇಲೆ ನಮ್ಮಂಥ ಊರಿಗೆ ಶಿಫ್ಟಿಂಗ್ ಆಗುತ್ತಿತ್ತು. ಪ್ರಿಂಟು ಬರುವಾಗ ಗೀರು ಬಿದ್ದು ಮಳೆ ಸುರಿದ ಹಾಗೆ ಕಾಣುತ್ತಿತ್ತು, ನಿಜ. ಆದರೆ ಅಷ್ಟರಲ್ಲಿ ಊರಿಗೆಲ್ಲ ಹಾಡು ಬಾಯಿಪಾಠ. ಸಂತೆಗೆ ಬೆಂಗಳೂರಿಗೆ ಹೋಗಿ ಬಂದವನು ಅರ್ಧ ಕಥೆ ಹೇಳಿರುತ್ತಿದ್ದ, ಉಳಿದ ಅರ್ಧಕ್ಕೆ ಜನ ನಮ್ಮಲ್ಲಿ ಕ್ಯೂ ನಿಲ್ಲುತ್ತಿದ್ದರು. ತಡವಾಗಿ ಬರುವುದೇ ನಮ್ಮ ಬಂಡವಾಳ. ಡಿಜಿಟಲ್ ಬಂದ ದಿನ ಮಾಲೀಕರು ಲಡ್ಡು ಹಂಚಿದರು, ಇನ್ನು ಮೆಜೆಸ್ಟಿಕ್‌ನಲ್ಲಿ ರಿಲೀಸಾದ ದಿನವೇ ನಮ್ಮಲ್ಲೂ ರಿಲೀಸು ಅಂತ. ಆಯಿತು, ಎಲ್ಲ ಕಡೆಯೂ ಒಂದೇ ಶುಕ್ರವಾರ. ಮುಂದಿನ ಶುಕ್ರವಾರ ಎಲ್ಲ ಕಡೆಯೂ ಒಟ್ಟಿಗೇ ಖಾಲಿ. ಸೆಕೆಂಡ್ ರನ್ ಅನ್ನುವ ಪದವೇ ಸತ್ತುಹೋಯಿತು. ತಿಂಗಳಿಗೆ ಒಂದು ದೊಡ್ಡ ಚಿತ್ರ, ಉಳಿದ ಮೂರು ವಾರ ಫ್ಯಾನಿಗೆ ಕೊಟ್ಟ ಕರೆಂಟಿನ ದುಡ್ಡೂ ಹುಟ್ಟುತ್ತಿರಲಿಲ್ಲ. ಕನ್ನಡ ಚಿತ್ರಕ್ಕಿದ್ದ ಮನರಂಜನಾ ತೆರಿಗೆ ವಿನಾಯಿತಿ 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಹೋಯಿತು. ಆಗ ನೂರು ರೂಪಾಯಿ ಒಳಗಿನ ಟಿಕೆಟ್ಟಿಗೂ ನೂರಕ್ಕೆ 18 ಬಿತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಬಾಗಿಲು ಹಾಕಿತು, ಅಕ್ಟೋಬರ್ 15ರ ನಂತರ ಅರ್ಧ ಸೀಟಿಗೆ ತೆರೆಯಬಹುದು ಅಂದರು. ನಮ್ಮಲ್ಲಿ ಅರ್ಧ ಸೀಟು ಯಾವತ್ತು ತುಂಬಿತ್ತು ಅಂತ!

ಇಷ್ಟು ಸಾಕು. ಕೆಲಸಕ್ಕೆ ಬರೋಣ.

ಮೊದಲು ತಾರೀಖು

ನಮ್ಮ ಕಡೆ ಟಾಕೀಸುಗಳು ಮುಚ್ಚುವುದೇ ಇಲ್ಲ. "ತಾತ್ಕಾಲಿಕವಾಗಿ ಪ್ರದರ್ಶನ ಇರುವುದಿಲ್ಲ" ಅಂತ ಒಂದು ಬೋರ್ಡು ತೂಗುತ್ತದೆ, ಬೋರ್ಡಿನ ಬಣ್ಣ ಹೋಗುತ್ತದೆ, ಗೇಟಿನ ಒಳಗೆ ಹೊಂಗೆ ಗಿಡ ಏಳುತ್ತದೆ. ಮಾಲೀಕನಿಗೆ ಬಾಯಿ ಬಿಟ್ಟು ಮುಚ್ಚಿದೆ ಅನ್ನಲು ಸಂಕಟ. ಅಪ್ಪ ಕಟ್ಟಿಸಿದ್ದು, ಊರಿನವರು ಏನಂತಾರೋ ಅನ್ನುವ ಅಳುಕು. ಅರ್ಥವಾಗುತ್ತದೆ. ಆದರೂ ಆ ಬೋರ್ಡನ್ನು ದಯವಿಟ್ಟು ಹಾಕಬೇಡಿ. ಒಂದು ತಾರೀಖು ಗೊತ್ತು ಮಾಡಿ, ಲೆಟರ್‌ಹೆಡ್ಡಿನ ಮೇಲೆ ಬರೆದು, ಎಲ್ಲ ಕೆಲಸಗಾರರಿಗೂ ಒಂದೊಂದು ಪ್ರತಿ ಕೊಟ್ಟು ಸಹಿ ತಗೊಳ್ಳಿ.

ಯಾಕೆ ಅಂದರೆ ನನ್ನದೇ ಲೆಕ್ಕ ಕೇಳಿ. ನಾನು ಸೇರಿದ್ದು 1991ರ ಜೂನ್. ಕೊನೆಯ ಸಂಬಳ 12,000. ಗ್ರಾಚ್ಯುಟಿ, ಅಂದರೆ ಬಹಳ ವರ್ಷ ದುಡಿದವರಿಗೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ಅದರ ಲೆಕ್ಕ ಬಲು ಸುಲಭ. ತಿಂಗಳ ಸಂಬಳವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ದುಡಿದ ವರ್ಷದಿಂದ ಗುಣಿಸುವುದು. ಆರು ತಿಂಗಳಿಗಿಂತ ಜಾಸ್ತಿ ತುಂಡು ಉಳಿದರೆ ಅದನ್ನು ಪೂರಾ ವರ್ಷ ಅಂತ ಹಿಡಿಯಬೇಕು. ನನಗೆ ವರ್ಷಕ್ಕೆ 6,923 ರೂಪಾಯಿ ಬಿತ್ತು. ಮಾಲೀಕರು ಅಂದರು, ಟಾಕೀಸು ನಿಂತಿದ್ದು 2020ರ ಮಾರ್ಚ್, 29 ವರ್ಷ. ನಾನಂದೆ, ಮಧ್ಯದಲ್ಲಿ ತೆರೆದಿದ್ದೆವಲ್ಲ, ಎರಡನೇ ಅಲೆಗೆ ನಿಂತಿದ್ದು 2021ರ ಏಪ್ರಿಲ್, 30 ವರ್ಷ. ಕಾಗದದ ಮೇಲೆ ಎಲ್ಲೂ ತಾರೀಖಿಲ್ಲ, ಗೇಟಿನ ಮೇಲೆ ಆ ದರಿದ್ರ "ತಾತ್ಕಾಲಿಕ" ಬೋರ್ಡು. 2,00,769ಕ್ಕೂ 2,07,692ಕ್ಕೂ ಇರುವ ವ್ಯತ್ಯಾಸಕ್ಕಾಗಿ ಮೂವತ್ತು ವರ್ಷ ಒಟ್ಟಿಗೆ ಕಾಫಿ ಕುಡಿದವರು ಹದಿನಾಲ್ಕು ತಿಂಗಳು ಮಾತು ಬಿಟ್ಟೆವು. ಕೊನೆಗೆ ಅವರ ಶ್ರಾದ್ಧಕ್ಕೆ ಹೋದಾಗ ಮಗ ಲಕೋಟೆ ಕೈಗಿಟ್ಟ. ಪೂರಾ 30 ವರ್ಷದ್ದು.

ಗ್ರಾಚ್ಯುಟಿ ಬೇರೆ, ಮುಚ್ಚಿದ್ದಕ್ಕೆ ಕೊಡುವ ಪರಿಹಾರ ಬೇರೆ. ಎರಡನೆಯದು ಪೂರೈಸಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನ. "ನಮ್ಮಲ್ಲಿ ಇದ್ದಿದ್ದೇ ಏಳು ಜನ, ನಮಗೆ ಇವೆಲ್ಲ ಬರಲ್ಲ" ಅಂತ ಅಕೌಂಟೆಂಟ್ ಹೇಳಿದರೆ ನಂಬಬೇಡಿ. ಐದು ಜನ ಕೆಲಸಗಾರರಿದ್ದರೂ ಥಿಯೇಟರಿಗೆ ಪಿಎಫ್, ಗ್ರಾಚ್ಯುಟಿ ಅನ್ವಯಿಸುತ್ತದೆ ಅಂತ 1981ರಲ್ಲೇ ಸಿನಿಮಾ ಕೆಲಸಗಾರರಿಗೆ ಅಂತಲೇ ಕಾಯ್ದೆ ಬಂದಿತ್ತು; 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಈಗಿನ ನಿಯಮ ವಿಚಾರಿಸಿಕೊಳ್ಳಿ. ಗೇಟ್ ಕೀಪರ್, ಬುಕಿಂಗ್ ಕ್ಲರ್ಕ್, ಕಸ ಗುಡಿಸುವ ಹೆಂಗಸು, ಎಲ್ಲರೂ ಲೆಕ್ಕಕ್ಕೆ ಬರಬೇಕು. ಪೋಸ್ಟರ್ ಅಂಟಿಸುವವನನ್ನು ಎಲ್ಲರೂ ಮರೆಯುತ್ತಾರೆ. ರಾತ್ರಿ ಎರಡು ಗಂಟೆಗೆ ಮೈದಾ ಗಂಜಿಗೆ ಮೈಲುತುತ್ತ ಬೆರೆಸಿ, ದನ ತಿನ್ನದ ಹಾಗೆ ಪೋಸ್ಟರ್ ಅಂಟಿಸಿ, ಬೆಳಗಾಗುವಷ್ಟರಲ್ಲಿ ಊರಿಗೆ ಹೊಸ ಚಿತ್ರ ಬಂದಿದೆ ಅಂತ ಸಾರುತ್ತಿದ್ದವನು ಅವನೇ. ಅವನ ಹೆಸರು ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಮುಚ್ಚುವ ಮುಂಚೆಯಾದರೂ ಬರೆಯಿರಿ.

ಕಾಗದ ಪತ್ರದ ಉಳಿದ ಕೆಲಸ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಥಿಯೇಟರ್ ಲೈಸೆನ್ಸು 1964ರ ಕರ್ನಾಟಕ ಸಿನಿಮಾ ಕಾಯ್ದೆಯದು. ಅದನ್ನು ಜಿಲ್ಲಾಡಳಿತಕ್ಕೆ ವಾಪಸ್ ಒಪ್ಪಿಸಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಜಿಎಸ್‌ಟಿ ನೋಂದಣಿ ರದ್ದಿಗೆ ಮೂವತ್ತು ದಿನದೊಳಗೆ ಅರ್ಜಿ, ರದ್ದಾದ ಮೇಲೆ ಮೂರು ತಿಂಗಳೊಳಗೆ ಕೊನೆಯ ರಿಟರ್ನು. ಅದು ಬೇರೆಯೇ ಫಾರಂ, ಮಾಮೂಲಿ ರಿಟರ್ನ್ ಹಾಕಿ ಮುಗಿಯಿತು ಅಂದುಕೊಳ್ಳಬೇಡಿ. ಲೆಕ್ಕದ ಪುಸ್ತಕ ಕಡಿಮೆ ಅಂದರೂ ಆರೇಳು ವರ್ಷ ಇಟ್ಟಿರಬೇಕು. ಕರೆಂಟಿನ ಸಂಪರ್ಕ ಮಾತ್ರ ಕೊನೆಗೆ ತೆಗೆಸಿ, ಮಷೀನ್ ಬಿಚ್ಚಲು ಬೆಳಕು ಬೇಕು. ಆದರೆ ತೆಗೆಸುವುದನ್ನು ಮರೆಯಬೇಡಿ, ಒಂದು ಬಲ್ಬೂ ಉರಿಯದಿದ್ದರೂ ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕ ಏರುತ್ತಲೇ ಇರುತ್ತದೆ. ಠೇವಣಿ ವಾಪಸ್ ಕೇಳಿ. ಕ್ಯಾಂಟೀನಿನವನದೂ ಸೈಕಲ್ ಸ್ಟ್ಯಾಂಡಿನವನದೂ ಅಡ್ವಾನ್ಸು ನಿಮ್ಮ ಹತ್ತಿರ ಇರುತ್ತದೆ. ಅದು ನಿಮ್ಮ ದುಡ್ಡಲ್ಲ, ಮೊದಲು ಅದನ್ನು ಕೊಡಿ.

ಡಿಜಿಟಲ್ ಪೆಟ್ಟಿಗೆ ಎಷ್ಟೋ ಕಡೆ ನಿಮ್ಮದಲ್ಲ, ಕಂಪನಿ ಬಾಡಿಗೆಗೆ ಇಟ್ಟಿದ್ದು. ಸರ್ವರ್, ಡಿಶ್, ಕೆಲವು ಕಡೆ ಪ್ರೊಜೆಕ್ಟರ್ ಕೂಡ. ಒಪ್ಪಂದ ತೆಗೆದು ನೋಡಿ, ಸೀರಿಯಲ್ ನಂಬರ್ ಸಮೇತ ವಾಪಸ್ ಕೊಟ್ಟ ಚೀಟಿ ಬರೆಸಿಕೊಳ್ಳಿ. ನನಗೆ ಗೊತ್ತಿರುವ ಒಂದು ಊರಿನಲ್ಲಿ ಚೀಟಿಯಿಲ್ಲದೆ ಕೊಟ್ಟುಬಿಟ್ಟರು, ಒಂದೂವರೆ ವರ್ಷದ ಮೇಲೆ ಅದೇ ಪೆಟ್ಟಿಗೆಗೆ ಬಿಲ್ಲು ಬಂತು.

ಕಡೇ ಆಟ

ಮಾಡಿ. ಬೇಸರ ಅಂತ ಬಿಡಬೇಡಿ. ಕಡೇ ಆಟ ಇಲ್ಲದೆ ನಿಂತ ಟಾಕೀಸಿನ ಮುಂದೆ ಜನ ಎರಡು ವರ್ಷ ಬಂದು "ಯಾವಾಗ ಶುರು?" ಅಂತ ಕೇಳುತ್ತಾರೆ. ಉತ್ತರ ಹೇಳಬೇಕಾದವನು ಪಕ್ಕದ ಬೀಡಾ ಅಂಗಡಿಯವನು.

ಹದಿನೈದು ದಿನ ಮುಂಚೆ ಆಟೋಗೆ ಮೈಕ್ ಕಟ್ಟಿ ಸಾರಿಸಿ. ವಾಟ್ಸಾಪ್ ಇದ್ದರೂ ಆಟೋ ಬೇಕು, ವಾಟ್ಸಾಪ್ ನೋಡುವವರು ಟಾಕೀಸಿಗೆ ಬರುವುದನ್ನು ಬಿಟ್ಟು ಬಹಳ ದಿನ ಆಯಿತು. ಹಳೇ ಚಿತ್ರ ಹಾಕುವ ಆಸೆ ಎಲ್ಲರಿಗೂ. ಪೆನ್‌ಡ್ರೈವ್‌ನಲ್ಲಿ ಯೂಟ್ಯೂಬಿನಿಂದ ಇಳಿಸಿಕೊಂಡಿದ್ದನ್ನು ಹಾಕಬೇಡಿ. ಹಕ್ಕು ಇರುವವರ ಒಪ್ಪಿಗೆ ಬೇಕು, ಸೆನ್ಸಾರ್ ಸರ್ಟಿಫಿಕೇಟ್ ಬೇಕು. ಗಾಂಧಿನಗರದಲ್ಲಿ ಒಂದು ದಿನ ಕಾಲು ಸವೆಸಿದರೆ ಯಾರ ಹತ್ತಿರ ಹಕ್ಕಿದೆ ಅಂತ ಗೊತ್ತಾಗುತ್ತದೆ, ಟಾಕೀಸು ಮುಚ್ಚುತ್ತಿದ್ದೇವೆ ಅಂದರೆ ಬಹಳ ಜನ ದುಡ್ಡು ಕೇಳುವುದಿಲ್ಲ. ಸಿಗದಿದ್ದರೆ ಆ ವಾರದ ಚಿತ್ರವನ್ನೇ ಹಾಕಿ. ಜನ ಆವತ್ತು ತೆರೆ ನೋಡುವುದಿಲ್ಲ, ಮೇಲಿನ ಫ್ಯಾನು, ಗೋಡೆಯ ಮೇಲಿನ ಗಾರೆಯ ನವಿಲು, ತಾವು ಮೊದಲು ಕೂತ ಗಾಂಧಿ ಕ್ಲಾಸಿನ ಬೆಂಚು ನೋಡುತ್ತಾ ಕೂರುತ್ತಾರೆ.

ಒಂದು ಎಚ್ಚರಿಕೆ. ಕಡೇ ಆಟದ ದಿನ ಎಲ್ಲರಿಗೂ ಏನಾದರೂ ನೆನಪಿಗೆ ಬೇಕು. ಹೌಸ್‌ಫುಲ್ ಬೋರ್ಡು, ಬಾಲ್ಕನಿಯ ನಂಬರ್ ಪ್ಲೇಟು, ಇಂಟರ್ವಲ್ ಸ್ಲೈಡು ಎಲ್ಲ ಜೇಬಿಗೆ ಇಳಿಯುತ್ತವೆ. ಕೊಡಬೇಕು ಅನಿಸಿದ್ದನ್ನು ನೀವೇ ಮೇಜಿನ ಮೇಲೆ ಇಟ್ಟು ಕೊಡಿ. ಉಳಿಸಬೇಕಾದ್ದನ್ನು ಹಿಂದಿನ ದಿನವೇ ಒಳಗಿಟ್ಟು ಬೀಗ ಹಾಕಿ. ನಮ್ಮಲ್ಲಿ ಸಿನಿಮಾಸ್ಕೋಪ್ ಲೆನ್ಸು ಕಾಣೆಯಾಗಿದ್ದು ಹೀಗೇ. ತಗೊಂಡವನು ಯಾರು ಅಂತ ಗೊತ್ತು, ಅವನ ಮನೆಯ ಶೋಕೇಸಿನಲ್ಲಿ ಇದೆ, ಮಗನ ಮದುವೆಗೆ ಹೋದಾಗ ನೋಡಿ ಬಂದೆ.

ಕ್ಯಾಬಿನ್

ಸ್ಪ್ಯಾನರ್ ಕೈಗೆ ತಗೊಳ್ಳುವ ಮುಂಚೆ ಮೊಬೈಲ್ ತಗೊಳ್ಳಿ. ಚಾರ್ಜ್ ಪೂರ್ತಿ ಇರಲಿ. ಕ್ಯಾಬಿನ್ನಿನ ನಾಲ್ಕೂ ಗೋಡೆಯನ್ನು ಒಂದೊಂದು ಅಡಿ ಬಿಡದೆ ಫೋಟೋ ಹೊಡೆಯಿರಿ. ಹಳೇ ಕ್ಯಾಬಿನ್ನಿನ ಗೋಡೆ ಬರೀ ಸುಣ್ಣ ಅಲ್ಲ, ಅದು ಆಪರೇಟರ ಡೈರಿ. ನಮ್ಮದರಲ್ಲಿ ರೀಲು ಹಿಂದಕ್ಕೆ ಸುತ್ತುವ ರಿವೈಂಡರ್ ಮೇಜಿನ ಮೇಲ್ಗಡೆ, ಸೀಸದ ಕಡ್ಡಿಯಲ್ಲಿ, ನನಗಿಂತ ಹಿಂದಿನ ಇಬ್ಬರು ಆಪರೇಟರರ ಕೈಬರಹದ ಸಮೇತ, ಬಂದ ಚಿತ್ರದ ಹೆಸರು, ಎಷ್ಟು ರೀಲು, ಎಷ್ಟು ದಿನ ಓಡಿತು, ಯಾವ ರೀಲಿನಲ್ಲಿ ಜಾಯಿಂಟು ಜಾಸ್ತಿ, ಎಲ್ಲ ಇತ್ತು. "6ನೇ ರೀಲು ಹುಷಾರ್" ಅಂತ ಒಂದು ಕಡೆ. "ಕರೆಂಟ್ ಇಲ್ಲ, ಜನ ಗಲಾಟೆ, ದುಡ್ಡು ವಾಪಸ್" ಅಂತ ಇನ್ನೊಂದು ಕಡೆ. ಮಷೀನಿನ ಬೆಳಕಿಗೆ ಉರಿಸುತ್ತಿದ್ದ ಕಾರ್ಬನ್ ಕಡ್ಡಿಯ ಹೊಗೆ ಹಿಡಿದು ಗೋಡೆ ಕಂದು ಬಣ್ಣಕ್ಕೆ ತಿರುಗಿದ್ದರೂ ಅಕ್ಷರ ಓದಬಹುದಾಗಿತ್ತು. ಕೆಳಗಡೆ, ಮಂಡಿಯ ಎತ್ತರದಲ್ಲಿ, ನನ್ನ ಮಗಳು ಐದು ವರ್ಷದವಳಿದ್ದಾಗ ಬರೆದ ಅ, ಆ, ಇ. ಅರ್ಧ ಗೋಡೆ ಮುಗಿಯುವಷ್ಟರಲ್ಲಿ ಫೋನ್ ಆಫ್ ಆಯಿತು. ನಾಳೆ ಬಂದು ಉಳಿದದ್ದು ಹೊಡೆದರಾಯಿತು ಅಂತ ಬಂದೆ. ಮಾರನೇ ದಿನ ಬೆಳಗ್ಗೆ ಏಳೂವರೆಗೆ ಜೆಸಿಬಿ ಬಂದಿತ್ತು. ಅ, ಆ, ಇ ಉಳಿದ ಅರ್ಧದಲ್ಲಿತ್ತು.

ಈಗ ಮಷೀನು. ಮಷೀನಿನ ಮೆಯಿನ್ ಸ್ವಿಚ್ ಇಳಿಸಿ, ಅದರ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಇನ್ನೊಬ್ಬನ ಕೈಗೂ ಕೊಡಬೇಡಿ, ನಿಮ್ಮ ಜೇಬಿಗೇ ಹೋಗಲಿ. ಸ್ವಿಚ್ ಇಳಿದ ಮೇಲೂ ರೆಕ್ಟಿಫೈಯರ್ ಮತ್ತು ಹಳೇ ವಾಲ್ವ್ ಆಂಪ್ಲಿಫೈಯರಿನ ಕೆಪಾಸಿಟರುಗಳಲ್ಲಿ ಕರೆಂಟು ಕೂತಿರುತ್ತದೆ, ವಾಲ್ವ್ ಆಂಪ್ಲಿಫೈಯರಿನಲ್ಲಿ ಕೆಲವು ನೂರು ವೋಲ್ಟು. ರೆಸಿಸ್ಟರ್ ಹಾಕಿ ಇಳಿಸಲು ಗೊತ್ತಿದ್ದವರು ಮಾತ್ರ ಮುಟ್ಟಲಿ.

ಲ್ಯಾಂಪ್‌ಹೌಸು ಅಂದರೆ ಮಷೀನಿಗೆ ಬೆಳಕು ಕೊಡುವ ಪೆಟ್ಟಿಗೆ, ಅದರ ಒಳಗೆ ಏನಿದೆ ನೋಡಿ. ಕಾರ್ಬನ್ ಮಷೀನಾದರೆ ಭಯ ಕಡಿಮೆ. ಪಾಸಿಟಿವ್ ನೆಗೆಟಿವ್ ಎರಡು ಕಡ್ಡಿ, ಹಿಂದೆ ಗುಂಡಗಿನ ಕನ್ನಡಿ. ಕನ್ನಡಿಯನ್ನು ಮೊದಲು ತೆಗೆದು ಹಳೇ ಸೀರೆಯಲ್ಲಿ ಸುತ್ತಿ. ಉರಿಯದ ಕಡ್ಡಿಗಳು ಡಬ್ಬಿಯಲ್ಲಿ ಉಳಿದಿದ್ದರೆ ಮಷೀನಿನ ಜೊತೆಗೇ ಇಡಿ. ಕಡ್ಡಿಯಿಲ್ಲದ ಕಾರ್ಬನ್ ಮಷೀನು ಎಣ್ಣೆಯಿಲ್ಲದ ದೀಪದ ಕಂಬದ ಹಾಗೆ, ನೋಡೋಕಷ್ಟೇ.

ಜೀನಾನ್ ಅನಿಲದ ಬಲ್ಬಾದರೆ ನಿಲ್ಲಿ. ಈ ಬಲ್ಬು ಉರಿಯುವಾಗ ಅಪಾಯ, ಆರಿ ತಣ್ಣಗಾದ ಮೇಲೂ ಅಪಾಯ. ಒಳಗಿನ ಅನಿಲ ಹೊರಗಿನ ಗಾಳಿಗಿಂತ ಹಲವು ಪಟ್ಟು ಒತ್ತಡದಲ್ಲಿ ಕೂತಿರುತ್ತದೆ, ಒಂದು ಪೆಟ್ಟು ಬಿದ್ದರೆ ಬಾಂಬು. ನಾನು ಮೂರನೇ ಸಲ ಒಂದು ಟಾಕೀಸು ಬಿಚ್ಚಲು ಹೋದಾಗ ಕೆಳಗೆ ಟೀ ಕುಡಿಯಲು ಇಳಿದೆ. ಬಲ್ಬು ತೆಗೆದಿಲ್ಲ ಅಂತ ಗುಜರಿಯ ಹುಡುಗನಿಗೆ ಹೇಳಿರಲಿಲ್ಲ. ಅವನು ಲ್ಯಾಂಪ್‌ಹೌಸ್ ಸಡಿಲ ಮಾಡಲು ಸುತ್ತಿಗೆಯಲ್ಲಿ ಎರಡು ಬಿಟ್ಟ. ಟೀ ಅಂಗಡಿಯವರೆಗೂ ಸದ್ದು ಬಂತು. ಮುಂಗೈಗೆ ಒಂಬತ್ತು ಹೊಲಿಗೆ, ಕಣ್ಣು ಉಳಿದಿದ್ದು ಅವನ ಪುಣ್ಯ. ತಪ್ಪು ನನ್ನದು, ಅವನದಲ್ಲ. ಅವತ್ತಿನಿಂದ ಕ್ರಮ ಇಷ್ಟು: ಹಿಂದಿನ ದಿನದಿಂದಲೇ ಉರಿಸಬೇಡಿ. ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡು, ಚರ್ಮದ ಗ್ಲೌಸು, ತುಂಬು ತೋಳಿನ ದಪ್ಪ ಅಂಗಿ. ಕೋಣೆಯಲ್ಲಿ ಒಬ್ಬರೇ ಇರಿ. ತುದಿಯ ಲೋಹದ ಭಾಗವನ್ನಷ್ಟೇ ಹಿಡಿದು ಸಡಿಲಿಸಿ, ಗಾಜಿಗೆ ತಿರುಚು ಬೀಳಬಾರದು. ಬಲ್ಬಿನ ಜೊತೆ ಬಂದಿದ್ದ ಪ್ಲಾಸ್ಟಿಕ್ ಕವಚವನ್ನು ಯಾರೂ ಎಸೆದಿರುವುದಿಲ್ಲ, ಕ್ಯಾಬಿನ್ನಿನ ಅಟ್ಟದ ಮೇಲೆ ಹುಡುಕಿ, ಅದರೊಳಗೆ ಹಾಕಿ. ಬಲ್ಬು ಸಪ್ಲೈ ಮಾಡಿದವರಿಗೇ ವಾಪಸ್ ಕೊಡಿ. ಕಸದ ಗಾಡಿಗೆ ಹಾಕಿದರೆ ಆ ಕಸದವನ ಕೈಯಲ್ಲಿ ಒಡೆಯುತ್ತದೆ.

ಇದಾದ ಮೇಲೆ ಲೆನ್ಸು. ಮಾಮೂಲಿ ಚಿತ್ರಕ್ಕೆ ಫ್ಲ್ಯಾಟ್ ಒಂದು, ಸಿನಿಮಾಸ್ಕೋಪಿಗೆ ಸ್ಕೋಪ್ ಒಂದು, ಎರಡು ಮಷೀನಿಗೆ ನಾಲ್ಕು. ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಜೇಡರ ಬಲೆಯ ಹಾಗೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಸೌಂಡ್‌ಹೆಡ್ಡಿನ, ಅಂದರೆ ಫಿಲ್ಮಿನಿಂದ ಸದ್ದು ಓದುವ ಭಾಗದ, ಪುಟ್ಟ ಎಕ್ಸೈಟರ್ ಲ್ಯಾಂಪು. ಆಮೇಲೆ ಎಲ್ಲರೂ ಮರೆಯುವ ಒಂದು ಕೆಲಸ, ಎಣ್ಣೆ. ಫಿಲ್ಮನ್ನು ಸೆಕೆಂಡಿಗೆ 24 ಸಲ ಎಳೆದು ನಿಲ್ಲಿಸುವ ಆ ಚಕ್ರ, ನಾವು ಮಾಲ್ಟೀಸ್ ಕ್ರಾಸ್ ಅನ್ನುತ್ತೇವೆ, ಎಣ್ಣೆಯಲ್ಲಿ ಮುಳುಗಿರುತ್ತದೆ. ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸದೆ ಲಾರಿಗೆ ಮಲಗಿಸಿದರೆ ದಾರಿಯುದ್ದಕ್ಕೂ ಸುರಿದು, ತಲುಪುವಷ್ಟರಲ್ಲಿ ಮಷೀನಿನ ಮೈಯೆಲ್ಲ ಧೂಳಿನ ಹಪ್ಪಳ. ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಅದರದೇ ತೂತಿಗೆ ಎರಡು ಸುತ್ತು ಹಾಕಿ ಬಿಡಿ. ಡಬ್ಬಿಗೆ ಹಾಕಿದರೆ ಮತ್ತೆ ಯಾವುದು ಎಲ್ಲಿಯದು ಅಂತ ದೇವರಿಗೂ ಗೊತ್ತಾಗಲ್ಲ. ಹಳೇ ಮಷೀನುಗಳಿಗೆ ಇಂಚಿನ ಸ್ಪ್ಯಾನರ್ ಬೇಕು, ಮಿಲಿಮೀಟರಿನದು ಹಾಕಿದರೆ ನಟ್ಟಿನ ಮೂಲೆ ಸವೆದು ಹೋಗುತ್ತದೆ.

ರೀಲು ಸಿಕ್ಕರೆ

ಸಿಗುತ್ತವೆ. ತೆರೆಯ ಹಿಂದೆ, ಮೆಟ್ಟಿಲ ಕೆಳಗೆ, ತಗಡಿನ ಪೆಟ್ಟಿಗೆಯಲ್ಲಿ. ವಿತರಕರು ವಾಪಸ್ ತರಿಸಿಕೊಳ್ಳದೆ ಬಿಟ್ಟಿದ್ದು, ಟ್ರೇಲರು, ತುಂಡುಗಳು. ಫಿಲ್ಮಿನ ಅಂಚಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ಸೇಫ್ಟಿ" ಅಂತ ಇದೆಯೇ ನೋಡಿ. "ನೈಟ್ರೇಟ್" ಅಂತ ಇದ್ದರೆ ಪೆಟ್ಟಿಗೆ ಅಲ್ಲೇ ಬಿಟ್ಟು ಹೊರಗೆ ಬಂದು ತಿಳಿದವರನ್ನು ಕರೆಯಿರಿ. 1950ರ ದಶಕದ ಆರಂಭಕ್ಕಿಂತ ಹಿಂದಿನ ಆ ಫಿಲ್ಮಿಗೆ ಕಿಡಿ ತಗುಲಿದರೆ ನೀರಿನೊಳಗೂ ಉರಿಯುತ್ತದೆ. ನಮ್ಮಂಥ ಟಾಕೀಸಿನಲ್ಲಿ ಸಿಗುವುದು ಅಪರೂಪ, ಆದರೂ ಬೀಡಿ ಹೊರಗೇ ಬಿಟ್ಟು ಬನ್ನಿ.

ಮುಚ್ಚಳ ತೆಗೆದಾಗ ಉಪ್ಪಿನಕಾಯಿ ಜಾಡಿಯಂಥ ಹುಳಿ ವಾಸನೆ ಹೊಡೆದರೆ ಆ ಫಿಲ್ಮು ಕೊಳೆಯಲು ಶುರುವಾಗಿದೆ ಅಂತ ಅರ್ಥ. ಅದು ಅಂಟು ಜಾಡ್ಯ, ಉಳಿದವುಗಳಿಂದ ದೂರ ಇಡಿ. ಪ್ಲಾಸ್ಟಿಕ್ ಕವರಿಗೆ ಬಿಗಿಯಾಗಿ ಕಟ್ಟಬೇಡಿ. ತಂಪಾದ ಒಣ ಜಾಗದಲ್ಲಿ ಮಲಗಿಸಿಡಿ, ನಿಲ್ಲಿಸಬೇಡಿ. ಪೂರ್ತಿ ಚಿತ್ರ ಇದೆಯೋ ತುಂಡೋ ಅಂತ ತಿಳಿಯಲು ಲೆಕ್ಕ ಇದೆ. ನಿಮಿಷಕ್ಕೆ 90 ಅಡಿ ಓಡುತ್ತದೆ, ಸಾವಿರ ಅಡಿಯ ರೀಲು ಹನ್ನೊಂದು ನಿಮಿಷ. ಎರಡೂ ಮುಕ್ಕಾಲು ಗಂಟೆಯ ಚಿತ್ರಕ್ಕೆ ಹದಿನೈದು ರೀಲು. ಪೆಟ್ಟಿಗೆಯಲ್ಲಿ ಹದಿನಾಲ್ಕೇ ಇದ್ದರೆ ಹದಿನೈದನೆಯದನ್ನು ರಿವೈಂಡರ್ ಮೇಜಿನ ಕೆಳಗೆ ಹುಡುಕಿ, ಸಾಮಾನ್ಯವಾಗಿ ಕ್ಲೈಮ್ಯಾಕ್ಸ್ ಅಲ್ಲೇ ಬಿದ್ದಿರುತ್ತದೆ.

ರೀಲು ನಿಮ್ಮ ಹತ್ತಿರ ಇದ್ದ ಮಾತ್ರಕ್ಕೆ ಚಿತ್ರ ನಿಮ್ಮದಲ್ಲ, ಹಕ್ಕು ನಿರ್ಮಾಪಕರದು. ಬೆಳ್ಳಿ ತೆಗೆಯುತ್ತೇವೆ ಅಂತ ಕೆಜಿ ಲೆಕ್ಕದಲ್ಲಿ ಕೇಳುವವರು ಬರುತ್ತಾರೆ. ಎಷ್ಟು ಕಪ್ಪು ಬಿಳುಪು ಚಿತ್ರಗಳು ಆ ದಾರಿಯಲ್ಲಿ ಹೋಗಿವೆಯೋ! ಕೊಡಬೇಡಿ. ನಂದಿನಿ ಲೇಔಟಿನಲ್ಲಿ ಚಲನಚಿತ್ರ ಅಕಾಡೆಮಿ ಇದೆ, ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಇದೆ. ಒಂದು ಪಟ್ಟಿ ಮಾಡಿ, ಡಬ್ಬಿಯ ಮೇಲಿನ ಚೀಟಿಯ ಫೋಟೋ ಸಮೇತ ಪತ್ರ ಬರೆಯಿರಿ.

ಪೋಸ್ಟರು, ಹಾಡಿನ ಪುಸ್ತಕ, ಗಾಜಿನ ಸ್ಲೈಡು, ಡಿಸಿಆರ್ ಪುಸ್ತಕ, ಇವೂ ಹಾಗೇ. ಪೋಸ್ಟರಿಗೆ ಸೆಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಸ್ಲೈಡುಗಳನ್ನು ಒಂದೊಂದೇ ಕಾಗದದಲ್ಲಿ ಸುತ್ತಿ ಪುಸ್ತಕದ ಹಾಗೆ ನಿಲ್ಲಿಸಿ. ಡಿಸಿಆರ್ ಅಂದರೆ ದಿನದ ಕಲೆಕ್ಷನ್ ರಿಪೋರ್ಟು, ಆಟಕ್ಕೆ ಯಾವ ಕ್ಲಾಸಿನಲ್ಲಿ ಎಷ್ಟು ಟಿಕೆಟು ಹರಿದಿದ್ದು ಅಂತ ವಿತರಕರ ಪ್ರತಿನಿಧಿ ಎದುರಿಗೆ ಕೂತು ಬರೆಸಿದ ಲೆಕ್ಕ. ನನ್ನನ್ನು ಕೇಳಿದರೆ ಮಷೀನಿಗಿಂತ ಮುಖ್ಯ ಅದು. ಯಾವ ವರ್ಷ ಮಳೆ ಬಂತು, ಯಾವ ವರ್ಷ ಬರ, ಯಾವ ಜಾತ್ರೆಯಲ್ಲಿ ಹೆಂಗಸರ ಕ್ಲಾಸು ತುಂಬಿತು, ಎಲ್ಲ ಅದರಲ್ಲಿದೆ. 2000ನೇ ಇಸವಿಯಲ್ಲಿ ಡಾ. ರಾಜ್‌ಕುಮಾರ್ ಅಪಹರಣವಾಗಿ 108 ದಿನ ಕಾಡಿನಲ್ಲಿದ್ದರಲ್ಲ, ಆಗಿನ ನಮ್ಮ ಪುಸ್ತಕದಲ್ಲಿ ಪುಟಗಟ್ಟಲೆ "ಪ್ರದರ್ಶನ ಇಲ್ಲ" ಅಂತ ಬುಕಿಂಗ್ ಕ್ಲರ್ಕಿನ ಮುತ್ತಿನಂಥ ಅಕ್ಷರ.

ಗುಜರಿಯವರು ಬರುವ ಮುಂಚೆ

ಇಡೀ ಟಾಕೀಸನ್ನು "ಲಾಟಾಗಿ" ಕೊಡಿ ಅನ್ನುತ್ತಾರೆ. ಒಪ್ಪಬೇಡಿ. ತಾಮ್ರ ಬೇರೆ, ಹಿತ್ತಾಳೆ ಬೇರೆ, ಬೀಡು ಕಬ್ಬಿಣ ಬೇರೆ, ಅಲ್ಯುಮಿನಿಯಂ ಬೇರೆ ಮಾಡಿ, ಒಂದು ಸಲ ಜಾಲಿ ಮೊಹಲ್ಲಾಗೆ ಹೋಗಿ ಆವತ್ತಿನ ದರ ಕೇಳಿಕೊಂಡು ಬನ್ನಿ. ತಕ್ಕಡಿ ನಿಮ್ಮದಿರಲಿ. ಆಂಪ್ಲಿಫೈಯರು, ವಾಲ್ವು, ಹಾರ್ನು ತೂಕಕ್ಕೆ ಹಾಕುವ ಸಾಮಾನೇ ಅಲ್ಲ. ಎಸ್.ಪಿ. ರೋಡಿನಲ್ಲಿ ವಿಚಾರಿಸಿದರೆ ಹಳೇ ಸೌಂಡಿನ ಹುಚ್ಚಿನವರು ಯಾರು ಅಂತ ಹೇಳುತ್ತಾರೆ, ಅವರು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗುತ್ತಾರೆ.

ಕುರ್ಚಿಗೆ ಈಗ ಬೆಲೆ ಬಂದಿದೆ. ಬೀಡು ಕಬ್ಬಿಣದ ಕಾಲು, ಮಡಚುವ ಮರದ ಸೀಟು ಇದ್ದರೆ ಇಂದಿರಾನಗರ, ಕೋರಮಂಗಲದ ಕೆಫೆಯವರು ಹುಡುಕಿಕೊಂಡು ಬರುತ್ತಾರೆ. ಮೂರು ಮೂರು ಜೋಡಿಯಾಗಿಯೇ ಕೊಡಿ, ಬಿಡಿಯಾದರೆ ನಿಲ್ಲುವುದಿಲ್ಲ. ಒಂದು ಮಾತು ಮಾತ್ರ ಮುಚ್ಚಿಡಬೇಡಿ: ತಿಗಣೆ. ಟಾಕೀಸು ನಿಂತು ಆರು ತಿಂಗಳಾಯಿತು, ಎಲ್ಲ ಸತ್ತಿರುತ್ತವೆ ಅಂದುಕೊಳ್ಳಬೇಡಿ, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುವ ಪ್ರಾಣಿ ಅದು. ಸಂದಿಗೆಲ್ಲ ಕುದಿನೀರು ಹೊಯ್ದು, ಬಿಸಿಲಿಗೆ ಹಾಕಿ, ಆಮೇಲೆ ಕೊಡಿ. ನಾನು ಆಸೆಪಟ್ಟು ಒಂದು ಜೋಡಿ ಮನೆಗೆ ತಂದು, ಹೆಂಡತಿ ನನ್ನನ್ನೂ ಕುರ್ಚಿಯನ್ನೂ ಒಟ್ಟಿಗೆ ತಾರಸಿಗೆ ಹಾಕಿದಳು.

ಮೇಲಿನ ಶೀಟು ಹಳೇ ಎ.ಸಿ. ಶೀಟಾದರೆ, ಅಂದರೆ ಆಸ್ಬೆಸ್ಟಾಸ್ ಸಿಮೆಂಟಿನದಾದರೆ, ಅದರಲ್ಲಿ ಕಲ್ನಾರು ಇರುತ್ತದೆ. ಲ್ಯಾಂಪ್‌ಹೌಸಿನ ಸುತ್ತ ಸುತ್ತಿದ ಬಿಳಿ ಹಗ್ಗವೂ ಹೆಚ್ಚಾಗಿ ಅದೇ. ಒಡೆಯಬೇಡಿ, ಗರಗಸ ಹಾಕಬೇಡಿ. ನೀರು ಚಿಮುಕಿಸಿ ನೆನೆಸಿ, ಬೋಲ್ಟ್ ಬಿಚ್ಚಿ, ಇಡೀ ಶೀಟನ್ನೇ ಇಳಿಸಿ. ಧೂಳು ಶ್ವಾಸಕೋಶಕ್ಕೆ ಹೋದರೆ ರೋಗ ಕಾಣಿಸಿಕೊಳ್ಳುವುದು ಇಪ್ಪತ್ತು ಮೂವತ್ತು ವರ್ಷದ ಮೇಲೆ, ಆಗ ಯಾವ ಟಾಕೀಸಿನದು ಅಂತ ಯಾರೂ ಹೇಳಲಾರರು. ಜೆಸಿಬಿಯವನಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಎದುರಿಗೆ ನಿಂತಿರಬೇಕು.

ತೆರೆಯನ್ನು ಯಾರೂ ಕೊಳ್ಳುವುದಿಲ್ಲ. ಹತ್ತಿರ ಹೋಗಿ ನೋಡಿ, ಅದರ ತುಂಬ ಸೂಜಿ ಮೊನೆಯಂಥ ತೂತುಗಳಿವೆ, ಹಿಂದಿನ ಸ್ಪೀಕರಿನ ಸದ್ದು ಮುಂದೆ ಬರಲಿ ಅಂತ. ಹಾಗಾಗಿ ಮಳೆಗೆ ಟಾರ್ಪಾಲಾಗಿಯೂ ಉಪಯೋಗವಿಲ್ಲ. ನಮ್ಮಲ್ಲಿ ಪೋಸ್ಟರ್ ಅಂಟಿಸುವವನು ಒಂದು ತುಂಡು ಕತ್ತರಿಸಿಕೊಂಡು ಹೋಗಿ ಸೊಳ್ಳೆ ಪರದೆ ಮಾಡಿಕೊಂಡ. ಗಾಳಿ ಆಡುವುದಿಲ್ಲ ಅಂತ ಮೂರನೇ ದಿನಕ್ಕೆ ಬಿಚ್ಚಿದನಂತೆ.

ಬೆಲ್ಲು

ಕೊನೆಗೆ ತೆಗೆಯಬೇಕಾದ್ದು ಬೆಲ್ಲು. ಆಟಕ್ಕೆ ಮುಂಚೆ ಮೂರು ಸಲ ಹೊಡೆಯುತ್ತಿದ್ದೆವಲ್ಲ, ಆ ಬೆಲ್ಲು. ಕೆಲಸದವರನ್ನು ಊಟಕ್ಕೆ ಕರೆಯಲು, ಗುಜರಿ ಲಾರಿ ಬಂದಾಗ ಮೇಲಿದ್ದವರಿಗೆ ತಿಳಿಸಲು ಅದೇ ಬೇಕಾಗುತ್ತದೆ, ಅದಕ್ಕೇ ಕೊನೆಗೆ. ಅದು ನೇರ 230 ವೋಲ್ಟಿನದು, ಅದರ ಫ್ಯೂಸೂ ಕಿತ್ತು, ಜೇಬಿನಲ್ಲಿದೆಯೇ ಅಂತ ಮುಟ್ಟಿ ನೋಡಿಕೊಂಡು ಬಿಚ್ಚಿ.

ನಮ್ಮ ಟಾಕೀಸಿನದು ಈಗ ಶ್ರೀರಾಮಪುರದಲ್ಲಿ ನಮ್ಮ ಮನೆಯ ಬಾಗಿಲಿಗಿದೆ, ಕಾಲಿಂಗ್ ಬೆಲ್ಲಾಗಿ. ಐನೂರು ಜನಕ್ಕೆ ಕೇಳಲಿ ಅಂತ ಮಾಡಿದ್ದು, ವಠಾರಕ್ಕೆಲ್ಲ ಕೇಳುತ್ತದೆ. ಮಧ್ಯಾಹ್ನ ಕೊರಿಯರಿನವನು ಒತ್ತಿದರೆ ಎದುರು ಮನೆಯ ಅಜ್ಜಿ ಬಾಗಿಲು ತೆಗೆದು ಬೈಯುತ್ತಾರೆ. ಸುಮ್ಮನೆ ತಂದಿದ್ದಲ್ಲ ಅದು. ಮಾಲೀಕರ ಮಗನ ಹತ್ತಿರ ರಸೀದಿ ಬರೆಸಿಕೊಂಡಿದ್ದೇನೆ: ವಿದ್ಯುತ್ ಗಂಟೆ, ಹಳೆಯದು, ಒಂದು, ರೂ. 150. ತಾರೀಖು ಹಾಕಿಸಿದ್ದೇನೆ.